ಮಾಸ್ತಿಕಲ್ಲಿನ ನೆತ್ತಿಯ ಚಂದ್ರ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ರಸ್ತೆಯ ಪಕ್ಕ, ಒಂದು ಕಾಫಿ ತೋಟದೊಳಗೆ, ಸಿಲ್ವರ್ ಓಕ್ ಮರದ ಬುಡದಲ್ಲಿ ಸೊಂಟದೆತ್ತರದ ಒಂದು ಕಲ್ಲು ನಿಂತಿದೆ. ಕಂಬದ ಆಕಾರ. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಅಕ್ಷರವಿಲ್ಲ, ಹೆಸರಿಲ್ಲ. ನೆತ್ತಿಯಲ್ಲಿ ಒಂದು ದುಂಡು, ಅದರ ಪಕ್ಕ ಒಂದು ಬಾಗಿದ ಗೆರೆ. ಸೂರ್ಯ ಮತ್ತು ಚಂದ್ರ. ಗಂಡನ ಚಿತೆಯೇರಿದ ಯಾರೋ ಒಬ್ಬ ಹೆಣ್ಣಿನ ಮಾಸ್ತಿಕಲ್ಲು ಅದು.

ನಾನು ಅದನ್ನು ಮೊದಲು ನೋಡಿದ್ದು ಒಂದು ಮಾರ್ಚ್ ತಿಂಗಳಲ್ಲಿ, ಹೂಮಳೆ ಬಿದ್ದು ಒಂಬತ್ತು ಹತ್ತು ದಿನ ಆದಮೇಲೆ. ಕಾಫಿ ಹೂ ಬಿಟ್ಟ ತೋಟವನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಹೇಳಿದರೆ ಉತ್ಪ್ರೇಕ್ಷೆ ಅನಿಸುತ್ತದೆ. ಗಿಡದ ರೆಂಬೆ ರೆಂಬೆಗೂ ಬಿಳಿಯ ಗೊಂಚಲು, ಮಲ್ಲಿಗೆಯನ್ನು ಹೋಲುವ, ಆದರೆ ಮಲ್ಲಿಗೆಗಿಂತ ಸ್ವಲ್ಪ ಭಾರವಾದ ವಾಸನೆ. ಮೂರು ನಾಲ್ಕು ದಿನದ ಆಟ, ಆಮೇಲೆ ಎಲ್ಲಾ ಕಂದು. ಆ ಸಲ ಹುಣ್ಣಿಮೆಯೂ ಅದೇ ವಾರ ಬಂದಿತ್ತು. ಸಂಜೆ ಏಳೂವರೆಗೆ ತೋಟದ ಮೇಲೆ ಬೆಳದಿಂಗಳು ಬಿದ್ದಾಗ ಹೂವಿನ ಬಿಳುಪು ಎಲ್ಲಿ ಮುಗಿದು ಬೆಳಕಿನ ಬಿಳುಪು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಅದರ ನಡುವೆ ಆ ಕಲ್ಲು ಕಪ್ಪಗೆ ನಿಂತಿತ್ತು.

ನನ್ನ ಪಿಎಚ್‌ಡಿ ಇರುವುದು ಹಳಗನ್ನಡ, ನಡುಗನ್ನಡ ಕಾವ್ಯಗಳ ರಾತ್ರಿಯ ವರ್ಣನೆಗಳ ಮೇಲೆ. ಅವತ್ತು ರಾತ್ರಿಯೇ ಹೋಮ್‌ಸ್ಟೇಯ ಕೋಣೆಯಲ್ಲಿ ಕೂತು ಒಂದು ಅಧ್ಯಾಯದ ಕೊನೆಯ ಪುಟಗಳನ್ನು ಬರೆದುಬಿಟ್ಟೆ. ಕಾವ್ಯದಲ್ಲಿ ಚಂದ್ರ ಮೋಹವೂ ಹೌದು ಮರಣವೂ ಹೌದು, ನೋಡಿ, ಮಾಸ್ತಿಕಲ್ಲಿನ ಮೇಲೂ ಅದೇ ಮರಣದ ಚಂದ್ರ ಕೂತಿದ್ದಾನೆ, ಎಂಬುದು ಅದರ ಸಾರ. ಬೆಳಿಗ್ಗೆ ಓದಿದಾಗಲೂ ಚೆನ್ನಾಗಿಯೇ ಕಂಡಿತು. ತಿಂಗಳ ನಂತರ, ಶಾಸನ ಓದುವುದರಲ್ಲೇ ಜೀವನ ಕಳೆದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಕೊಟ್ಟರು: "ಇದು ಸಾವಿನ ಗುರುತಲ್ಲ, ಕರಾರಿನ ಗುರುತು."

ಅವರು ಹೇಳಿದ್ದು ಸರಿ. ನಾನು ನಾಚಿಕೊಳ್ಳಬೇಕಾದಷ್ಟು ಸರಿ. ದಾನಶಾಸನಗಳನ್ನು ಒಂದೆರಡಾದರೂ ಓದಿದವರಿಗೆ ಆಚಂದ್ರಾರ್ಕ ಎಂಬ ಮಾತು ಗೊತ್ತಿರುತ್ತದೆ. ಸೂರ್ಯ ಚಂದ್ರರು ಇರುವವರೆಗೆ ಈ ಭೂಮಿ, ಈ ದತ್ತಿ ನಡೆಯಲಿ ಎಂಬ ಕರಾರು. ಆ ಮಾತನ್ನು ಓದು ಬಾರದವರಿಗೂ ತಿಳಿಸುವುದಕ್ಕೆ ಕಲ್ಲಿನ ಮೇಲ್ತುದಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತುತ್ತಿದ್ದರು. ವೀರಗಲ್ಲಿನ ಮೇಲೆ ಅದೇ ಜೋಡಿ, ಮಾಸ್ತಿಕಲ್ಲಿನ ಮೇಲೂ ಅದೇ ಜೋಡಿ. ಸತ್ತವರ ಹೆಸರು ಇವರಿಬ್ಬರು ಇರುವವರೆಗೆ ಇರುತ್ತದೆ ಎಂಬ ಭರವಸೆ. ಇಲ್ಲಿ ಚಂದ್ರ ಕೊಲ್ಲುವವನಲ್ಲ. ನೋಟರಿಯ ಮೊಹರಿನ ಥರ.

ಅಧ್ಯಾಯದ ಕೊನೆಯ ಪುಟಗಳನ್ನು ಹರಿದು ಹಾಕುವುದು ಕಷ್ಟವಲ್ಲ. ಕಷ್ಟವಾದದ್ದು ಬೇರೆ. ಸಾವಿಗೆ ಸಾಕ್ಷಿ ನಿಲ್ಲುವ ಚಂದ್ರ ಒಬ್ಬ, ಪ್ರೇಮಿಯನ್ನು ಸುಟ್ಟು ಕೊಲ್ಲುವ ಚಂದ್ರ ಇನ್ನೊಬ್ಬ. ಇಬ್ಬರೂ ಒಂದೇ ಕಾಲದಲ್ಲಿ, ಒಂದೇ ಭಾಷೆಯ ಜನರ ನಡುವೆ ಇದ್ದವರು. ಒಂದೇ ಊರಿನಲ್ಲಿ ಒಬ್ಬ ಕವಿ, ಒಬ್ಬ ಕಲ್ಲುಕುಟಿಗ ಇದ್ದರು ಎಂದುಕೊಳ್ಳಿ. ರಾತ್ರಿ ಇಬ್ಬರೂ ತಲೆಯೆತ್ತಿ ಅದೇ ಆಕಾಶವನ್ನು ನೋಡುತ್ತಿದ್ದರು. ಅವರಿಗೆ ಕಂಡದ್ದು ಒಂದೇ ಆಗಿತ್ತೆ?

ಕವಿಯಿಂದ ಶುರು ಮಾಡುತ್ತೇನೆ. ಚಂಪೂಕಾವ್ಯ ಬರೆಯುವವನಿಗೆ ಹದಿನೆಂಟು ವರ್ಣನೆಗಳು ಕಡ್ಡಾಯ. ಅದರಲ್ಲಿ ಚಂದ್ರೋದಯ ಒಂದು. ಅದರ ಬೆನ್ನಿಗೆ ಬರುವುದು ಚಂದ್ರೋಪಾಲಂಭ, ಅಂದರೆ ವಿರಹಿಯೊಬ್ಬ ಚಂದ್ರನನ್ನು ಬೈಯುವುದು. ನೀನು ತಣ್ಣನೆಯವನು ಅನ್ನುತ್ತಾರೆ, ನನ್ನನ್ನು ಯಾಕೆ ಸುಡುತ್ತೀ? ನಿನ್ನ ಜೊತೆ ಹಾಲ್ಗಡಲಲ್ಲಿ ಹುಟ್ಟಿದ್ದು ಅಮೃತ ಮಾತ್ರವಲ್ಲ ಹಾಲಾಹಲವೂ ಹೌದು, ಒಡಹುಟ್ಟಿದವರ ಗುಣ ಎಲ್ಲಿ ಹೋಗುತ್ತದೆ? ಹೀಗೆ. ನೂರಾರು ಕವಿಗಳು ಸಾವಿರಾರು ಸಲ ಬೈದಿದ್ದಾರೆ. ಬಹಳಷ್ಟು ಬೈಗುಳ ಬಾಯಿಪಾಠದ್ದು. ವರ್ಷಗಟ್ಟಲೆ ಅದನ್ನೇ ಓದಿದ ನನಗೆ ಒಂದು ಹಂತದಲ್ಲಿ ಚಂದ್ರನ ಮೇಲೇ ಕರುಣೆ ಬಂದಿತ್ತು.

ಆದರೆ ಒಂದು ಕಾವ್ಯದಲ್ಲಿ ಈ ಬೈಗುಳ ನಿಜವಾಗಿಬಿಡುತ್ತದೆ. ಬಾಣಭಟ್ಟ 7ನೇ ಶತಮಾನದಲ್ಲಿ ಸಂಸ್ಕೃತ ಗದ್ಯದಲ್ಲಿ ಬರೆದು ಅರ್ಧಕ್ಕೆ ಬಿಟ್ಟ, ಅವನ ಮಗ ಮುಗಿಸಿದ 'ಕಾದಂಬರಿ'. ಅದನ್ನು ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಕನ್ನಡದ ಚಂಪುವಾಗಿ 'ಕರ್ಣಾಟಕ ಕಾದಂಬರಿ' ಎಂದು ಬರೆದ. ಬಾಣನ ಮೈಲುದ್ದದ ವಾಕ್ಯಗಳನ್ನು ಕತ್ತರಿಸಿ, ಕಥೆ ಓಡುವಂತೆ ಮಾಡಿದ ಪುಣ್ಯಾತ್ಮ. ನಾವೀಗ ನಾವೆಲ್ಲಿಗೆ ಕಾದಂಬರಿ ಎನ್ನುತ್ತೇವಲ್ಲ, ಆ ಹೆಸರು ಬಂದದ್ದು ಈ ಕಥೆಯ ನಾಯಕಿಯಿಂದ. ಅವಳ ಕಥೆಯನ್ನು ಮಾತ್ರ ಈಗ ಎಂ.ಎ. ತರಗತಿಯ ಹೊರಗೆ ಓದುವವರು ಕಡಿಮೆ.

ಕಥೆಯ ನನಗೆ ಬೇಕಾದ ಭಾಗ ಇಷ್ಟು. ಅಚ್ಛೋದ ಎಂಬ ಸರೋವರದ ದಡದಲ್ಲಿ ಗಂಧರ್ವರ ಹುಡುಗಿ ಮಹಾಶ್ವೇತೆ ಪುಂಡರೀಕನೆಂಬ ಮುನಿಕುಮಾರನನ್ನು ನೋಡುತ್ತಾಳೆ. ಅವನ ಕಿವಿಯಲ್ಲಿದ್ದ ಹೂವಿನ ವಾಸನೆಯಿಂದ ಶುರುವಾದದ್ದು ಇಬ್ಬರಿಗೂ ತಡೆಯಲಾಗದಷ್ಟಾಗುತ್ತದೆ. ಅವಳು ಮನೆಗೆ ಹೋಗುತ್ತಾಳೆ. ಅವನ ಗೆಳೆಯ ಕಪಿಂಜಲ ಬಂದು, ಹುಡುಗ ಉಳಿಯುವುದಿಲ್ಲ, ಬೇಗ ಬಾ ಎನ್ನುತ್ತಾನೆ. ಅಷ್ಟರಲ್ಲಿ ಚಂದ್ರ ಹುಟ್ಟುತ್ತಾನೆ. ಅವಳು ಬೆಳದಿಂಗಳಲ್ಲಿ, ಸಖಿ ತರಲಿಕೆಯ ಜೊತೆ, ಮೊದಲ ಸಲ ಪ್ರಿಯನನ್ನು ಕೂಡಲು ಹೊರಟ ಹುಡುಗಿಯ ಸಡಗರದಲ್ಲಿ ನಡೆದು ಬರುತ್ತಾಳೆ. ಬಂದು ನೋಡಿದರೆ ಅವನು ಸತ್ತಿದ್ದಾನೆ. ಕೊಂದವನು ಯಾರು? ಅವಳ ದಾರಿಗೆ ದೀಪ ಹಿಡಿದವನೇ.

ಬರಿಯ ವಿರಹದ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಮುಗಿಯುವುದಿಲ್ಲ. ಮಹಾಶ್ವೇತೆ ಚಿತೆ ಒಟ್ಟು ಎಂದು ತರಲಿಕೆಗೆ ಹೇಳುತ್ತಾಳೆ. ಆಗ ಚಂದ್ರಮಂಡಲದಿಂದ ಒಬ್ಬ ಬೆಳ್ಳಗಿನ ಪುರುಷ ಇಳಿದು ಬಂದು, ಪುಂಡರೀಕನ ದೇಹವನ್ನು ಎತ್ತಿಕೊಂಡು, ಮಗಳೇ, ಪ್ರಾಣ ಬಿಡಬೇಡ, ಇವನು ನಿನಗೆ ಮತ್ತೆ ಸಿಗುತ್ತಾನೆ ಎಂದು ಹೇಳಿ ಮೇಲಕ್ಕೆ ಹೋಗಿಬಿಡುತ್ತಾನೆ. ಅವಳು ಬಿಳಿಯುಟ್ಟು, ವೀಣೆ ಹಿಡಿದು, ಅದೇ ಸರೋವರದ ದಡದ ಶಿವಾಲಯದಲ್ಲಿ ಕಾಯುತ್ತಾ ಕೂರುತ್ತಾಳೆ. ಆ ಪುರುಷ ಸ್ವತಃ ಚಂದ್ರ ಎಂಬುದು ನಮಗೆ ಗೊತ್ತಾಗುವುದು ಬಹಳ ತಡವಾಗಿ. ಸಾಯುವ ಮುಂಚೆ ಪುಂಡರೀಕ ಚಂದ್ರನನ್ನು ಶಪಿಸಿದ್ದ: ನನ್ನನ್ನು ಕೂಡಲು ಬಿಡದೆ ಕೊಲ್ಲುತ್ತಿರುವ ನೀನೂ ಭೂಮಿಯಲ್ಲಿ ಹುಟ್ಟಿ, ಪ್ರೀತಿಸಿ, ಕೂಡದೆ ಸಾಯಿ. ಚಂದ್ರನಿಗೆ ಕೋಪ ಬಂತು. ಬೆಳಗುವುದು ನನ್ನ ಸ್ವಭಾವ, ನಾನೇನು ಮಾಡಿದೆ? ನನ್ನ ಸುಖದುಃಖಕ್ಕೆ ನೀನೂ ಪಾಲುದಾರನಾಗು ಎಂದು ಪ್ರತಿಶಾಪ ಕೊಟ್ಟ. ಕೊಟ್ಟಮೇಲೆ ತಿಳಿಯಿತು, ಈ ಹುಡುಗಿ ತನ್ನದೇ ಬೆಳಕಿನಿಂದ ಹುಟ್ಟಿದ ಅಪ್ಸರೆಯರ ಕುಲದವಳು ಎಂದು. ಅವನು ದೇಹವನ್ನು ಕೊಳೆಯದಂತೆ ತನ್ನ ಲೋಕದಲ್ಲಿ ಕಾಯ್ದಿಟ್ಟ. ತಾನು ಚಂದ್ರಾಪೀಡನೆಂಬ ರಾಜಕುಮಾರನಾಗಿ ಹುಟ್ಟಿ, ಕಾದಂಬರಿಯನ್ನು ಪ್ರೀತಿಸಿ, ಎದೆಯೊಡೆದು ಸತ್ತ.

ಕೊಲ್ಲುವ ಚಂದ್ರ ಎಲ್ಲ ಸಾಹಿತ್ಯದಲ್ಲೂ ಇದ್ದಾನೆ. ಸ್ಪೇನಿನ ಲೋರ್ಕಾ 1928ರ 'ಜಿಪ್ಸಿ ಲಾವಣಿ'ಗಳ ಮೊದಲ ಪದ್ಯದಲ್ಲೇ ಕಮ್ಮಾರಸಾಲೆಗೆ ಚಂದ್ರನನ್ನು ಹೆಣ್ಣಾಗಿ ಇಳಿಸಿ, ಒಂದು ಮಗುವನ್ನು ಮರುಳು ಮಾಡಿ ಕರೆದೊಯ್ಯಿಸುತ್ತಾನೆ. ಗ್ರೀಕರ ಸೆಲೀನೆ ತಾನು ಮೋಹಿಸಿದ ಎಂಡಿಮಿಯನ್‌ನನ್ನು ಎಚ್ಚರವೇ ಇಲ್ಲದ ನಿದ್ದೆಯಲ್ಲಿ, ಮುಪ್ಪಾಗದಂತೆ, ಗುಹೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಕಾದಂಬರಿಯ ಕೊಳೆಯದ ದೇಹಕ್ಕೆ ಅದು ಎಷ್ಟು ಹತ್ತಿರ! ಆದರೆ ತಾನು ಕೊಟ್ಟ ಸಾವನ್ನು ತಾನೇ ಸತ್ತು ತೀರಿಸುವ ಚಂದ್ರನನ್ನು ನಾನು ಇನ್ನೆಲ್ಲೂ ನೋಡಿಲ್ಲ. ನಮ್ಮ ಪುರಾಣದಲ್ಲಿ ಅವನು ಮೊದಲಿನಿಂದಲೂ ಸಾಯುವವನು ತಾನೇ. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯೊಬ್ಬಳ ಮೋಹಕ್ಕೆ ಬಿದ್ದು, ದಕ್ಷನ ಶಾಪದಿಂದ ದಿನದಿನವೂ ಕರಗಿದವನು. ಆ ಕರಗುವಿಕೆಗೆ ಕ್ಷಯ ಎನ್ನುತ್ತೇವೆ. ಎದೆಯ ರೋಗಕ್ಕೂ ಅದೇ ಹೆಸರು. ಆಯುರ್ವೇದ ಅದನ್ನು ರಾಜಯಕ್ಷ್ಮ ಎಂದು ಕರೆದದ್ದು ಚಂದ್ರರಾಜನಿಗೆ ಮೊದಲು ಬಂದ ರೋಗ ಎಂದೇ. ಮೋಹ ಮತ್ತು ಮರಣ ನಮ್ಮಲ್ಲಿ ಎರಡು ಸಂಕೇತಗಳಲ್ಲ, ಒಂದೇ ರೋಗದ ಕಾರಣ ಮತ್ತು ಲಕ್ಷಣ.

ಈಗ ಕಲ್ಲಿಗೆ ಬರುತ್ತೇನೆ. ನಾಗವರ್ಮನ ಕಾಲಕ್ಕೆ ಅಷ್ಟೇನೂ ದೂರವಲ್ಲದ 1057ರಲ್ಲಿ, ಈಗಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ ಒಂದು ಕಲ್ಲು ನಿಂತಿತು. ದೇಕಬ್ಬೆ ಎಂಬವಳ ಕಲ್ಲು. ಅವಳ ಗಂಡ ಏಚ ಚೋಳರ ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದ. ಸುದ್ದಿ ತಲುಪಿದಾಗ ದೇಕಬ್ಬೆ ಬೆಂಕಿಗೆ ಹೊರಟಳು. ಹೆತ್ತವರು, ಬಂಧುಗಳು ಬೇಡ ಬೇಡ ಎಂದು ಅಂಗಲಾಚಿದರು. ಅವಳು ಕೇಳಲಿಲ್ಲ. ದಾನಗಳನ್ನು ಕೊಟ್ಟು, ಉರಿಗೆ ಇಳಿದಳು. ಇದೆಲ್ಲ ಪದ್ಯದಲ್ಲಿದೆ, ಒಳ್ಳೆಯ ಪದ್ಯದಲ್ಲಿದೆ. ಕನ್ನಡ ಶಾಸನ ಸಾಹಿತ್ಯದ ಪಠ್ಯಗಳಲ್ಲಿ ಇದನ್ನು ಕರುಣರಸಕ್ಕೆ ಉದಾಹರಣೆಯಾಗಿ ಕೊಡುವುದುಂಟು. ನಾನೂ ಹಾಗೆಯೇ ಓದಿದ್ದೆ, ಹಾಗೆಯೇ ಪರೀಕ್ಷೆಯಲ್ಲಿ ಬರೆದಿದ್ದೆ. ಪೆನ್ಸಿಲಿನ ಆ ಒಂದು ಸಾಲು ಬಂದಮೇಲೆ ಮತ್ತೆ ಓದಿದಾಗ ಕಂಡದ್ದು ಬೇಡ ಎಂದವರ ದನಿ. ಅದನ್ನೂ ಕವಿ ಕಲ್ಲಿಗೆ ಹತ್ತಿಸಿದ್ದಾನೆ.

ಮಹಾಶ್ವೇತೆಯ ಚಿತೆ ಮತ್ತು ದೇಕಬ್ಬೆಯ ಚಿತೆ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಾವ್ಯದ ಚಂದ್ರ ಆಕಾಶ ಬಿಟ್ಟು ಕೆಳಗಿಳಿದು ಬಂದು, ಬೇಡ ಎಂದು ಕೈಹಿಡಿದು ನಿಲ್ಲಿಸುತ್ತಾನೆ. ಕಲ್ಲುಗಳ ಚಂದ್ರ ನೆತ್ತಿಯಲ್ಲಿ ಕೂತು ನೋಡುತ್ತಾನೆ, ನಡೆದದ್ದಕ್ಕೆ ಮೊಹರು ಒತ್ತುತ್ತಾನೆ. ನಾನು ನನ್ನ ಅಧ್ಯಾಯದಲ್ಲಿ ಇದನ್ನು ತಲೆಕೆಳಗಾಗಿ ಬರೆದಿದ್ದೆ. ಕೊಲೆಗಾರನೆಂದು ಹೆಸರಾದ ಚಂದ್ರನೇ ಒಂದು ಹೆಣ್ಣನ್ನು ಬದುಕಿಸಿದವನು. ಸಾಕ್ಷಿ, ಶಾಶ್ವತ, ಆಚಂದ್ರಾರ್ಕ ಎಂದು ಗೌರವದ ಹೆಸರುಗಳಿರುವ ಚಂದ್ರನೇ ಸಾವಿನ ಕಡೆಗೆ ನಿಂತವನು.

ಇದು ನನ್ನ ಕಾಲದ ಕಣ್ಣಿಂದ ಹಳೆಯದನ್ನು ಓದುವ ಹುಚ್ಚು ಎನ್ನುವವರಿದ್ದಾರೆ. ಅವರಿಗೆ ಬಾಣನನ್ನೇ ತೋರಿಸಬೇಕು. ಮೂಲ ಕಾದಂಬರಿಯಲ್ಲಿ, ತಾನು ಸಾಯದೆ ಉಳಿದದ್ದಕ್ಕೆ ನಾಚಿ ಅಳುವ ಮಹಾಶ್ವೇತೆಗೆ ಚಂದ್ರಾಪೀಡ ದೀರ್ಘವಾಗಿ ಸಮಾಧಾನ ಹೇಳುತ್ತಾನೆ. ಅನುಮರಣ ಎನ್ನುವುದು ತಿಳಿಯದವರ ದಾರಿ, ಮೋಹದ ಚೇಷ್ಟೆ, ಅದರಿಂದ ಸತ್ತವನಿಗೆ ಕೂದಲೆಳೆಯಷ್ಟೂ ಉಪಕಾರವಿಲ್ಲ ಎಂಬ ವಾದ ಅಲ್ಲಿದೆ. ಬದುಕಿ ಉಳಿದವರ ಪಟ್ಟಿಯೂ ಇದೆ: ಕಾಮನನ್ನು ಕಳೆದುಕೊಂಡ ರತಿ, ಪಾಂಡುವನ್ನು ಕಳೆದುಕೊಂಡ ಕುಂತಿ, ಅಭಿಮನ್ಯುವಿನ ಉತ್ತರೆ, ಸೈಂಧವನ ದುಶ್ಶಲೆ. ಮಾತಾಡುತ್ತಿರುವ ಚಂದ್ರಾಪೀಡನಿಗೆ ತಾನು ಚಂದ್ರ ಎಂಬುದು ಗೊತ್ತಿಲ್ಲ. ಓದುಗನಿಗೂ ಆಗ ಗೊತ್ತಿಲ್ಲ. ಹಾಗಾಗಿ, ಬೇಡ ಎಂದು ಅವಳಿಗೆ ಎರಡು ಸಲ ಹೇಳಿದವನೂ ಒಬ್ಬನೇ. ಬಾಣ ಈ ಮಾತನ್ನು ಸುಮ್ಮನೆ ಅಲಂಕಾರಕ್ಕೆ ಬರೆದವನಲ್ಲ. 'ಹರ್ಷಚರಿತ'ದಲ್ಲಿ ಹರ್ಷನ ತಾಯಿ ಗಂಡನಿಗಿಂತ ಮುಂಚೆಯೇ ಬೆಂಕಿಗೆ ಬೀಳುವುದನ್ನು, ತಂಗಿ ರಾಜ್ಯಶ್ರೀ ವಿಂಧ್ಯದ ಕಾಡಿನಲ್ಲಿ ಚಿತೆಯೇರುವ ಹೊತ್ತಿಗೆ ಅಣ್ಣ ಬಂದು ಉಳಿಸುವುದನ್ನು ಬರೆದವನೂ ಅವನೇ. ಅವನ ಅರಮನೆಯಲ್ಲೇ ನಡೆದ ಸಂಗತಿ.

ನಮ್ಮ ಮಲೆನಾಡಿನಲ್ಲಿ ಚಂದ್ರನಿಗೆ ಪುಸ್ತಕದ ಹಂಗಿಲ್ಲ. ಅವನು ಭೂಗೋಳದಲ್ಲೇ ಇದ್ದಾನೆ. ಬಾಬಾಬುಡನ್‌ಗಿರಿ, 1,930 ಮೀಟರಿನ ಮುಳ್ಳಯ್ಯನಗಿರಿ ಇವೆಲ್ಲ ಸೇರಿದ ಸಾಲಿಗೆ ಚಂದ್ರದ್ರೋಣ ಪರ್ವತ ಎಂದು ಹೆಸರು. ಜಾಗರ ಕಣಿವೆಯನ್ನು ಸುತ್ತುಗಟ್ಟಿ ಕುದುರೆ ಲಾಳದ ಹಾಗೆ ಬಾಗಿರುವ ಬೆಟ್ಟಸಾಲು ಅದು, ಬಿದಿಗೆ ಚಂದ್ರನ ಆಕಾರ. ಹನುಮಂತ ಸಂಜೀವಿನಿಯ ದ್ರೋಣಗಿರಿಯನ್ನು ಹೊತ್ತು ಹೋಗುವಾಗ ಉದುರಿದ ತುಂಡು ಇದು ಎಂದು ಹೇಳುವವರೂ ಇದ್ದಾರೆ. ಸತ್ತವರನ್ನು ಎಬ್ಬಿಸುವ ಗಿಡ ಇಲ್ಲಿದೆ ಎಂಬ ನಂಬಿಕೆ. ಚಂದ್ರನಿಗೆ ಓಷಧಿಪತಿ ಎಂಬ ಹೆಸರೂ ಇರುವುದರಿಂದ ಎರಡೂ ಕಥೆ ಕೂಡಿಕೊಳ್ಳುತ್ತವೆ. ಏಳು ಬೀಜ ತಂದ ಬಾಬಾಬುಡನ್ ಅವರ ಕಾಫಿ ಬೇರುಬಿಟ್ಟದ್ದು ಇದೇ ಬೆಟ್ಟದಲ್ಲಿ. ಎಬ್ಬಿಸುವ ಗಿಡ ಎಂದರೆ ಅದೇ ಇರಬಹುದು ಎಂದು ಬೆಳಿಗ್ಗೆ ಆರಕ್ಕೆ ನನಗೆ ಅನಿಸುವುದುಂಟು.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಹಳ್ಳಿಗೂ ಹೋಗಿದ್ದೆ. ಹೊಯ್ಸಳರ ಮೂಲ ಸ್ಥಳ. ಶಾಸನಗಳಲ್ಲಿ ಅದು ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಶಶಕ ಎಂದರೆ ಮೊಲ, ಚಂದ್ರನ ಮೈಮೇಲೆ ಇರುವುದೂ ಅದೇ. ಸಳ ಹುಲಿಯನ್ನು ಹೊಡೆದನೆಂದು ಹೇಳುವ ವಂಶಾವಳಿಗಳು ಅದಕ್ಕೂ ಮುಂಚೆ ಅತ್ರಿ, ಚಂದ್ರ, ಬುಧ, ಪುರೂರವ, ಯದು ಎಂದು ಶುರುವಾಗುತ್ತವೆ. ಚಂದ್ರವಂಶದವರು ಮೊಲದ ಊರಿನಿಂದ ಹೊರಟರು. ಅಂಗಡಿಯ ಪಾಳುಬಸದಿಗಳ ನಡುವೆ ಸಿಕ್ಕ ನಿಸಿಧಿಯೊಂದು, 10ನೇ ಶತಮಾನದ ಕೊನೆಯದು, ಅಲ್ಲಿ ಸನ್ಯಸನದಿಂದ ದೇಹ ಬಿಟ್ಟ ಜೈನಗುರುವೊಬ್ಬನದು. ಅವನ ಹೆಸರು ವಿಮಲಚಂದ್ರ. ಕಲೆಯಿಲ್ಲದ ಚಂದ್ರ, ತಾನಾಗಿ ಕ್ಷಯಿಸಿದವನು. ಹೀಗೆ ಹೆಸರುಗಳ ಹಿಂದೆ ಹೋಗುವುದು ಸಂಶೋಧನೆಯಲ್ಲ ಎಂದು ಗೊತ್ತು. ಸುಮ್ಮನೆ ಹೇಳಿದೆ.

ಹೆಸರಿನ ಮಾತು ಬಂತು. ಇದೇ ಜಿಲ್ಲೆಯ, ಬಯಲುಸೀಮೆಗೆ ಸೇರಿದ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನನ್ನು ಬಿಟ್ಟು ಮುಂದೆ ಹೋಗಲಾರೆ. ದೇವನೂರಿನ ಲಕ್ಷ್ಮೀಕಾಂತನ ಭಕ್ತ, ಜೈಮಿನಿ ಭಾರತದ ಕವಿ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳ ಜಗಲಿಯಲ್ಲಿ ಬಾಯಿಬಿಟ್ಟು ಓದಿಸಿಕೊಂಡ ಕಾವ್ಯ ಅದು. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೆ ಚಂದ್ರಹಾಸನ ಕಥೆ ವಾರ್ಧಕ ಷಟ್ಪದಿಯ ಓಟದ ಸಮೇತ ಬರುತ್ತಿತ್ತು. ಚಂದ್ರಹಾಸ ಎಂದರೆ ಚಂದ್ರನ ನಗು. ಶಿವ ರಾವಣನಿಗೆ ಕೊಟ್ಟ ಕತ್ತಿಯ ಹೆಸರೂ ಅದೇ, ಥಳಥಳ ಹೊಳೆಯುವ ಅಲಗು. ಒಂದೇ ಶಬ್ದದಲ್ಲಿ ನಗುವೂ ಕತ್ತಿಯೂ ಇದೆ. ಕಥೆಯೂ ಹಾಗೆಯೇ. ತಬ್ಬಲಿ ಹುಡುಗ ಮುಂದೆ ದೊರೆಯಾಗುತ್ತಾನೆಂಬ ಭವಿಷ್ಯ ಕೇಳಿದ ಮಂತ್ರಿ ದುಷ್ಟಬುದ್ಧಿ ಅವನನ್ನು ಕೊಲ್ಲಿಸಲು ಕಟುಕರನ್ನು ಕಳಿಸುತ್ತಾನೆ. ಅವರು ಕನಿಕರಪಟ್ಟು ಆರನೆಯ ಕಾಲ್ಬೆರಳು ಮಾತ್ರ ಕತ್ತರಿಸಿ ಬಿಡುತ್ತಾರೆ. ಬೆಳೆದ ಹುಡುಗನ ಕೈಯಲ್ಲೇ ಅವನಿಗೆ ವಿಷ ಕೊಡುವಂತೆ ಮಂತ್ರಿ ತನ್ನ ಮಗನಿಗೆ ಓಲೆ ಕಳಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದ ಹುಡುಗನನ್ನು ನೋಡಿ ಮರುಳಾದ ಮಂತ್ರಿಯ ಮಗಳು ವಿಷಯೆ ಓಲೆ ಬಿಚ್ಚಿ ಓದಿ, ಕಣ್ಣಿನ ಕಾಡಿಗೆಯಿಂದ ಅಕ್ಷರ ತಿದ್ದುತ್ತಾಳೆ. ವಿಷ ಹೋಗಿ ವಿಷಯೆ ಆಗುತ್ತದೆ. ಮರಣದ ಓಲೆ ಮದುವೆಯ ಓಲೆಯಾಗುತ್ತದೆ.

ಅಜ್ಜಿ ಇಲ್ಲಿಗೆ ಬಂದಾಗ ಪ್ರತಿ ಸಲವೂ ನಿಲ್ಲಿಸಿ, "ನೋಡಿದ್ಯಾ, ಓದಕ್ಕೆ ಕಲ್ತಿದ್ದಕ್ಕೆ ಒಂದು ಜೀವ ಉಳೀತು" ಅನ್ನುತ್ತಿದ್ದಳು. ನಾನು ಅದನ್ನು ಶಾಲೆಗೆ ಕಳಿಸುವ ಉಪಾಯ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಅವಳು ಲಕ್ಷ್ಮೀಶನನ್ನು ಸರಿಯಾಗಿಯೇ ಓದಿದ್ದಳು. ಬರೆದಿಟ್ಟ ಸಾವನ್ನು ಒಂದು ಹೆಣ್ಣು ತಿದ್ದಬಹುದು. ಕಲ್ಲಿನಲ್ಲಿ ಕೊರೆದದ್ದನ್ನು ಕಾಡಿಗೆಯಿಂದ ತಿದ್ದಲಾಗುವುದಿಲ್ಲ, ಓಲೆಯಲ್ಲಿ ಬರೆದದ್ದನ್ನು ತಿದ್ದಬಹುದು. ಈ ಕಥೆ ಕುವೆಂಪು ಅವರನ್ನೂ ಬಿಡಲಿಲ್ಲ, ಅವರು 'ಚಂದ್ರಹಾಸ' ಎಂಬ ನಾಟಕವನ್ನೇ ಬರೆದರು. ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಅವರು ಮಗನಿಗೆ ಇಟ್ಟ ಹೆಸರು ಪೂರ್ಣಚಂದ್ರ. ಆ ಪೂರ್ಣಚಂದ್ರ ಮೂಡಿಗೆರೆಗೆ ಬಂದು ತೋಟ ಮಾಡಿ, ಮೊದಲು ಪದ್ಯ ಬರೆದು, ಆಮೇಲೆ ಬಿಟ್ಟು, ಹಾರುವ ಓತಿಯ ಹಿಂದೆ ಹೋದರು. 2007ರಲ್ಲಿ ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ, ಬಸ್ಸಿಗೆ ಕಾಯುವಾಗ ಅಲ್ಲಿ ಹೊಕ್ಕು ಬರುವುದು ನನ್ನ ಅಭ್ಯಾಸ. ಅವರ ಗದ್ಯದಲ್ಲಿ ಚಂದ್ರನಿಗೆ ವಿಶೇಷ ಮರ್ಯಾದೆ ಇಲ್ಲದಿರುವುದು ನನಗೆ ಒಂಥರಾ ನೆಮ್ಮದಿ ಕೊಡುತ್ತದೆ.

ಹೊಸಗನ್ನಡ ಕಾವ್ಯದಲ್ಲಿ ಚಂದ್ರನ ಸಾವಿನ ಮುಖ ನೋಡಬೇಕಾದರೆ ಈ ಬೆಟ್ಟ ಬಿಟ್ಟು ಧಾರವಾಡಕ್ಕೆ ಹೋಗಬೇಕು. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ'. ಮಗು ಸಾಯುತ್ತಿರುವ ಮನೆಯಲ್ಲಿ ಗಂಡ ಹೆಂಡತಿಯ ಮುಖ ನೋಡಲಾರದೆ ಹಾಡಿದ್ದು. ಅದರಲ್ಲಿ ಹುಣ್ಣಿಮೆ ಚಂದ್ರ ಶವವಾಗಿ ಕಾಣಿಸಿಕೊಳ್ಳುತ್ತಾನೆ. ಅದೂ ರಾತ್ರಿಯಲ್ಲಲ್ಲ, ಹಗಲು ಹೊತ್ತಿನ ಆಕಾಶದಲ್ಲಿ. ಬೆಳಗುವ ಕೆಲಸ ಇಲ್ಲದ ಚಂದ್ರ. ಅಲ್ಲಿ ಅವನು ಯಾರನ್ನೂ ಕೊಲ್ಲುವುದಿಲ್ಲ, ಯಾರಿಗೂ ಸಾಕ್ಷಿಯೂ ಅಲ್ಲ, ಯಾವ ಕರಾರೂ ಇಲ್ಲ. ಆ ಪದ್ಯದ ಬಗ್ಗೆ ನಾನು ತರಗತಿಯಲ್ಲಿ ಒಂದು ಸಲ ಮಾತಾಡಲು ನಿಂತು ಮುಂದುವರಿಸಲಾಗದೆ ಕೂತಿದ್ದೇನೆ. ಇಲ್ಲಿಯೂ ಅಷ್ಟಕ್ಕೇ ಬಿಡುತ್ತೇನೆ.

ಕಳಸದಲ್ಲಿ ಇನ್ನೊಂದು ಬಗೆಯ ಕಲ್ಲುಗಳಿವೆ ಎಂಬುದನ್ನು ಹೇಳದಿದ್ದರೆ ಚಿತ್ರ ಒಕ್ಕಣ್ಣಾಗುತ್ತದೆ. ಭದ್ರೆಯ ದಡದ ಕಳಸೇಶ್ವರನ ಊರು ಒಂದು ಸಣ್ಣ ರಾಜ್ಯದ ಕೇಂದ್ರವಾಗಿತ್ತು. 13ನೇ ಶತಮಾನದಲ್ಲಿ ಅಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಆಳಿದರು. ಅವರ ಹೆಸರು ಶಾಸನಗಳಲ್ಲಿ ನಿಂತಿದೆ, ಯಾರದೋ ಹೆಂಡತಿಯಾಗಿ ಸತ್ತದ್ದಕ್ಕಲ್ಲ, ರಾಜ್ಯ ನಡೆಸಿದ್ದಕ್ಕೆ. ಆಚಂದ್ರಾರ್ಕ ಎಂಬ ಕರಾರು ಹೆಣ್ಣಿಗೆ ಎರಡು ರೀತಿಯಲ್ಲಿ ಸಿಗುತ್ತಿತ್ತು ಎಂದಾಯಿತು. ಆಳಿದವಳಿಗೆ ಹೆಸರಿನ ಸಮೇತ, ಉರಿದವಳಿಗೆ ಬಹಳ ಸಲ ಹೆಸರಿಲ್ಲದೆ, ತೋಳು ಬಳೆ ಮಾತ್ರ. ಬಳೆ ಯಾಕೆ ಎಂದರೆ ಅವಳು ಮುತ್ತೈದೆಯಾಗಿಯೇ ಹೋದಳು ಎಂದು ತೋರಿಸುವುದಕ್ಕೆ. ಕಲ್ಲಾದಮೇಲೂ ಅವಳು ಬಳೆ ತೆಗೆಯುವಂತಿಲ್ಲ.

ಅಧ್ಯಾಯವನ್ನು ತಿದ್ದಿ ಬರೆಯುವಾಗ ಇನ್ನೊಂದು ಸಣ್ಣ ಸಂಗತಿ ಹೊಳೆಯಿತು. ಕಲ್ಲಿನ ಚಂದ್ರ ಹುಣ್ಣಿಮೆಯ ಚಂದ್ರನಲ್ಲ. ಆಗಲಾರ. ಪಕ್ಕದಲ್ಲಿ ಸೂರ್ಯ ದುಂಡಗೆ ಇರುವುದರಿಂದ ಚಂದ್ರನನ್ನೂ ದುಂಡಗೆ ಕೆತ್ತಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಕಲ್ಲುಕುಟಿಗ ಯಾವಾಗಲೂ ಎಳೆಯ ಚಂದ್ರನನ್ನೇ ಕೆತ್ತಿದ. ಪುಂಡರೀಕನನ್ನು ಕೊಂದವನು ತುಂಬಿದ ಚಂದ್ರ. ಕಲ್ಲಿನ ಮೇಲಿರುವವನು ಶಿವನ ಜಡೆಯಲ್ಲಿರುವವನ ಹಾಗೆ ಬರಿಯ ಗೆರೆ, ದಕ್ಷನ ಶಾಪ ತಿಂದು ಇನ್ನೂ ಚೇತರಿಸಿಕೊಳ್ಳದವನು. ಶಾಶ್ವತಕ್ಕೆ ಗುರುತಾಗಿ ಜನ ಆರಿಸಿಕೊಂಡದ್ದು ತಿಂಗಳಿಗೊಮ್ಮೆ ಸಾಯುವ ಒಂದು ವಸ್ತುವನ್ನು. ಕೆತ್ತಿದವನಿಗೆ ಇದು ಹೊಳೆದಿತ್ತೆ? ಅವನಿಗೆ ಜಾಗದ ಲೆಕ್ಕ, ಉಳಿಯ ಲೆಕ್ಕ. ನನ್ನ ಹಾಗೆ ಪುಟ ತುಂಬಿಸುವ ತೊಂದರೆ ಅವನಿಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಆ ತೋಟಕ್ಕೆ ಹೋದೆ. ಹಣ್ಣು ಕುಯ್ಯುವ ಸಮಯ. ಹೂ ಇರಲಿಲ್ಲ, ಬೆಳದಿಂಗಳೂ ಇರಲಿಲ್ಲ. ಅಮಾವಾಸ್ಯೆಗೆ ಎರಡು ದಿನ ಇತ್ತು. ಪಾಚಿ ಹತ್ತಿದ ಕೆತ್ತನೆಯನ್ನು ನೋಡಬೇಕಾದರೆ ಕತ್ತಲಾದಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು, ಆಗ ಗೆರೆಗಳಿಗೆ ನೆರಳು ಬಂದು ಎದ್ದು ಕಾಣುತ್ತವೆ. ಹಾಗೆ ಹಿಡಿದುಕೊಂಡು ಕೂತಿದ್ದಾಗ ಲೈನ್ ಮನೆಯ ಕಡೆಯಿಂದ ಕೆಲಸದ ಹೆಂಗಸೊಬ್ಬರು ಬಂದರು. ಅವರ ಕೈಯಲ್ಲಿ ಊದಿನಕಡ್ಡಿ ಇತ್ತು. ಕುಯ್ಲು ಮುಗಿಯುವವರೆಗೆ ದಿನವೂ ಒಂದು ಹಚ್ಚುತ್ತಾರಂತೆ, ಹಾವು ಬಾರದಿರಲಿ ಎಂದು.

ನಾನು ಬೆಳಕು ಬಿಟ್ಟು ತೋರಿಸಿದೆ. "ನೋಡಿ, ಇದು ಸೂರ್ಯ, ಇದು ಚಂದ್ರ."

ಅವರು ಬಗ್ಗಿ ನೋಡಿದರು. ಸೂರ್ಯನನ್ನು ಒಪ್ಪಿಕೊಂಡರು. ಚಂದ್ರನನ್ನು ಒಪ್ಪಲಿಲ್ಲ.

"ಇದು ಕತ್ತಿ ಅಲ್ವಾ ಮೇಡಂ, ಹುಲ್ಲು ಕುಯ್ಯೋದು? ಕೆಲಸದವಳು ಇವಳು. ಕೈ ನೋಡಿ ಎಷ್ಟು ಗಟ್ಟಿ ಇದೆ."

ನಾನು ಮಾಸ್ತಿ ಎಂದರೆ ಏನು, ಅವಳು ಹೇಗೆ ಸತ್ತಳು ಎಂದು ಹೇಳಿದೆ. ಅವರು ಪೂರ್ತಿ ಕೇಳಿದರು. ಊದಿನಕಡ್ಡಿಯನ್ನು ಕಲ್ಲಿನ ಬುಡದ ಮಣ್ಣಿಗೆ ಚುಚ್ಚಿ, "ಬೇಡ ಅನ್ನಕ್ಕೆ ಯಾರೂ ಇರ್ಲಿಲ್ವಾ ಇವಳಿಗೆ?" ಎಂದು ಕೇಳಿದರು.